ಪುಟ್ಟಿಗೆ, ‘ಆಂಟಿ’ ಅನ್ನುವ ಮಾತಿನ ಬಗ್ಗೆ

ಶಿಡ್ಲಘಟ್ಟ
ಭಾನುವಾರ ರಾತ್ರಿ

ಚಿ. ಸೌ. ಪುಟ್ಟಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿನೋವು ಚಳಿಗೆ ಸ್ವಲ್ಪ ಜಾಸ್ತಿಯಾಗಿದೆ, ಅದು ಇರುವುದೇ ಹಾಗೆ.

ಗುರುವಾರ ನೀನು ಗೌರಿಬಿದನೂರಿನಿಂದ ಫೋನ್ ಮಾಡಿದಾಗ ಸೊಸೆ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅದಕ್ಕೇ ಹೂಂ ಹೂಂ ಅಂದು ಇಟ್ಟುಬಿಟ್ಟೆ. ಅತ್ತೆ ಹತ್ತಿರ ಹೇಳಿಕೊಂಡರೆ ಅತ್ತೆಯೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ನಿನಗೆ ಬೇಜಾರಾಗಿರಬಹುದು. ಹಾಕಿಕೊಂಡೆ ಕಣೇ. ಮೂರು ದಿನದಿಂದ ಅದೇ ತಲೆಯಲ್ಲಿ ಓಡುತ್ತಿದೆ. ಮಕ್ಕಳಿಗೆ ಕಾಗುಣಿತ ತಿದ್ದಿಸಿಯೇ ಸವೆದ ಕೈ ಇದು. ಫೋನಿನಲ್ಲಿ ಬಾರದ ಮಾತು ಕಾಗದದ ಮೇಲೆ ಬಂದೀತು ಅಂತ ಕೂತಿದ್ದೇನೆ.

ನೀನು ಹೇಳಿದ್ದು ಮೂರು ವಿಚಾರ. ನಿನ್ನ ಗಂಡನ ಮೊದಲ ಹೆಂಡತಿಯ ಇಬ್ಬರು ಮಕ್ಕಳಲ್ಲಿ ಹುಡುಗ ನಿನ್ನನ್ನು ‘ಆಂಟಿ’ ಅನ್ನುತ್ತಾನೆ. ಹುಡುಗಿ ನೀನು ಕಳಿಸಿದ ಮೆಸೇಜು ನೋಡುತ್ತಾಳೆ, ನೀಲಿ ಗೆರೆ ಬೀಳುತ್ತೆ, ಉತ್ತರ ಬರುವುದಿಲ್ಲ. ಮಾಘದಲ್ಲಿ ಹುಡುಗನ ಮದುವೆ, ಲಗ್ನಪತ್ರಿಕೆಯ ಕರಡಿನಲ್ಲಿ ನಿನ್ನ ಹೆಸರಿಲ್ಲ. ಇಷ್ಟು ಹೇಳಿ, ಕೊನೆಗೆ ‘ನಾನೇನು ಕಮ್ಮಿ ಮಾಡಿದ್ದೀನಿ ಅತ್ತೆ?’ ಅಂದೆ.

ನನ್ನ ನಿದ್ದೆ ಕೆಡಿಸಿದ್ದು ಆ ಕೊನೆಯ ಮಾತು. 1986ರಲ್ಲಿ ಈ ಮನೆಗೆ ಬಂದಾಗ ನನಗೆ ಮೂವತ್ತಾರು, ನಿಮ್ಮ ಮಾವನವರಿಗೆ ನಲವತ್ತೆಂಟು. ಅವರ ಮೊದಲ ಹೆಂಡತಿಯ ಮಕ್ಕಳಲ್ಲಿ ದೊಡ್ಡವನಿಗೆ ಇಪ್ಪತ್ತೊಂದು, ಚಿಕ್ಕವಳಿಗೆ ಹದಿನೇಳು. ಬಂದ ಮೊದಲ ವರ್ಷ ರಾತ್ರಿ ಹೊತ್ತು ಹಿತ್ತಲ ಕಲ್ಲಿನ ಮೇಲೆ ಕೂತು ನಾನೂ ಇದೇ ಮಾತನ್ನು ನನ್ನನ್ನೇ ಕೇಳಿಕೊಂಡಿದ್ದೇನೆ. ಅವರ ಬಟ್ಟೆ ಒಗೆದೆ, ಮುದ್ದೆ ತೊಳಸಿದೆ, ಸ್ಕೂಲಿನ ಸಂಬಳ ತಂದು ಅವರಪ್ಪನ ಕೈಗಿಟ್ಟೆ. ಇನ್ನೇನು ಬೇಕು ಇವರಿಗೆ? ಇದೇ ಲೆಕ್ಕ. ನಾವು, ಅಂದರೆ ಎರಡನೆಯವರಾಗಿ ಬಂದವರು, ಮನಸ್ಸಿನಲ್ಲಿ ಒಂದು ಲೆಕ್ಕದ ಪುಸ್ತಕ ಇಟ್ಟುಕೊಂಡಿರುತ್ತೇವೆ. ಆ ಮಕ್ಕಳಿಗೆ ಅಂಥದ್ದೊಂದು ಪುಸ್ತಕ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಅವರ ಸಂಕಟವೇ ಬೇರೆ.

ಮೊದಲು ಆಂಟಿ ವಿಚಾರ. ನನ್ನನ್ನು ಕೇಳಿದರೆ ನೀನು ಅದೃಷ್ಟವಂತೆ. ನಮ್ಮ ದೊಡ್ಡವನು ಎರಡೂವರೆ ವರ್ಷ ನನ್ನನ್ನು ಏನೂ ಕರೆಯಲಿಲ್ಲ. ಊಟ ಬೇಕಾದರೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೆಮ್ಮುವನು. ನನಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುವನು: ‘ನಾಳೆ ರೇಷ್ಮೆಗೂಡು ಮಾರ್ಕೆಟ್ಟಿಗೆ ಹೋಗುತ್ತೆ, ತಿಂಡಿ ಬೇಗ ಆಗಬೇಕು.’ ಆಮೇಲೆ ಒಂದು ದಿನ ‘ಪಿನ್ನಿ’ ಅಂದ. ಇವರ ಮನೆಮಾತು ತೆಲುಗು, ಚಿಕ್ಕಮ್ಮನಿಗೆ ಪಿನ್ನಿ ಅನ್ನುತ್ತಾರೆ, ನಿನಗೆ ಗೊತ್ತಲ್ಲ. ಯಾವ ಸಂದರ್ಭ ಅಂದುಕೊಂಡೆ? ಹಿಪ್ಪುನೇರಳೆ ಸೊಪ್ಪು ಒಟ್ಟಿದ ಕೋಣೆಯಲ್ಲಿ ನನ್ನ ಕಾಲ ಹತ್ತಿರ ಹಾವು. ‘ಪಿನ್ನೀ, ಕದಲೊದ್ದು!’, ಅಲುಗಬೇಡ, ಅಂತ ಕಿರುಚಿದ. ನೋಡಿದರೆ ಕೇರೆಹಾವು, ಅದರ ಪಾಡಿಗೆ ಅದು ಇಲಿ ಹುಡುಕಿಕೊಂಡು ಬಂದದ್ದು. ಆ ಕೇರೆಹಾವಿನ ಋಣ ನನ್ನ ಮೇಲೆ ಇನ್ನೂ ಇದೆ.

ಅಮ್ಮ ಅಂತ ಅವನು ಇವತ್ತಿನವರೆಗೂ ಕರೆದಿಲ್ಲ. ಅವನಿಗೆ ಈಗ ಅರವತ್ತು, ತಲೆ ಪೂರ್ತಿ ನರೆತಿದೆ. ಇನ್ನು ಕರೆಯುವುದೂ ಇಲ್ಲ.

2007ರಲ್ಲಿ ಕೋಲಾರದಿಂದ ಬೇರೆ ಮಾಡಿ ನಮ್ಮದನ್ನು ಚಿಕ್ಕಬಳ್ಳಾಪುರ ಜಿಲ್ಲೆ ಅಂತ ಮಾಡಿದರಲ್ಲ, ನಿಮ್ಮ ಮಾವನವರು ತೀರಿಕೊಳ್ಳುವವರೆಗೂ ವಿಳಾಸ ಬರೆಯುವಾಗ ‘ಕೋಲಾರ ಜಿ’ ಅಂತ ಬರೆದು ಆಮೇಲೆ ಹೊಡೆದುಹಾಕುವರು. ಸರ್ಕಾರ ಆದೇಶ ಹೊರಡಿಸಿ ಕೊಟ್ಟ ಹೆಸರಿಗೇ ಹೀಗೆ. ನಿನ್ನ ವಿಷಯದಲ್ಲಿ ಯಾವ ಆದೇಶವೂ ಇಲ್ಲ. ಇಪ್ಪತ್ತೇಳು ವರ್ಷದ ಹುಡುಗ ತನ್ನ ಬಾಯಿಗೆ ಯಾವುದು ಸಲೀಸೋ ಅದನ್ನು ಹುಡುಕಿಕೊಂಡಿದ್ದಾನೆ. ಮಲತಾಯಿ ಅನ್ನುವುದಕ್ಕಿಂತ ಆಂಟಿ ಸಾವಿರ ಪಾಲು ಮೇಲು. ಆ ಹಳೆಯ ಪದವನ್ನಂತೂ ಪೇಪರಿನವರು ಬಿಡುವುದಿಲ್ಲ. ‘ಬಯಲುಸೀಮೆಗೆ ನೀರು: ಸರ್ಕಾರದ ಮಲತಾಯಿ ಧೋರಣೆ.’ ವರ್ಷಪೂರ್ತಿ ಹರಿಯುವ ಒಂದು ನದಿ ಇಲ್ಲದ ಜಿಲ್ಲೆ ಇದು. ಆ ತಪ್ಪೂ ನಮ್ಮ ತಲೆಗೇ! ‘ಮಲತಂದೆ ಧೋರಣೆ’ ಅಂತ ಎಲ್ಲಾದರೂ ಓದಿದ್ದೀಯಾ? ಗಂಡಸು ಬೇರೆಯವರ ಮಗಳನ್ನು ಸಾಕಿದರೆ ಊರೆಲ್ಲ ‘ಎಂಥಾ ದೊಡ್ಡ ಮನಸ್ಸು’ ಅನ್ನುತ್ತೆ. ಹೆಂಗಸು ಸಾಕಿದರೆ ‘ನೋಡೋಣ, ಎಷ್ಟು ದಿನ’ ಅನ್ನುತ್ತೆ.

ಈ ಮಾತಿಗೆ ಒಬ್ಬರು ನೆನಪಾದರು. ನನ್ನ ಜೊತೆ ಪಾಠ ಮಾಡುತ್ತಿದ್ದ ಒಬ್ಬ ಮೇಷ್ಟ್ರು, ತಮ್ಮದೇ ಕ್ಲಾಸಿನಲ್ಲಿ ಓದಿದ ಹುಡುಗಿಯ ವಿಧವೆ ತಾಯಿಯನ್ನು ಮದುವೆಯಾದರು. ಹುಡುಗಿ ಆಗಲೇ ಕಾಲೇಜಿಗೆ ಬಂದಿದ್ದಳು. ಮೊದಲು ಸಾರ್ ಅನ್ನುತ್ತಿದ್ದಳು, ತಾಯಿಯ ಮದುವೆಯಾದ ಮೇಲೂ ಸಾರ್. ನಾವೆಲ್ಲ ಸ್ಟಾಫ್ ರೂಮಿನಲ್ಲಿ ಒಳಗೊಳಗೇ ನಕ್ಕಿದ್ದುಂಟು. ಅವರ ಕೊನೆಗಾಲದಲ್ಲಿ ಒಂದು ಸಲ ನೋಡಲು ಹೋಗಿದ್ದೆ. ಪಾರ್ಶ್ವವಾಯು ಹೊಡೆದು ಮಲಗಿದ್ದರು. ಆ ಹುಡುಗಿ ಹೊಸೂರಿನಿಂದ ಹದಿನೈದು ದಿನಕ್ಕೊಮ್ಮೆ ಬರುವಳಂತೆ. ಅವತ್ತು ಮಂಚದ ಪಕ್ಕ ನೆಲದ ಮೇಲೆ ಕೂತು, ತೊಡೆಯ ಮೇಲೆ ಪೇಪರು ಹರಡಿ, ಅವರ ಉಗುರು ಕತ್ತರಿಸುತ್ತಿದ್ದಳು. ‘ಸಾರ್, ಆ ಕೈ ಕೊಡಿ. ಸಾರ್, ಅಲ್ಲಾಡಿಸಬೇಡಿ.’ ಮೇಷ್ಟ್ರ ಮುಖ ನೋಡಿದೆ. ಕರೆಯುವ ಹೆಸರಿನ ಯೋಚನೆ ಅಲ್ಲಿ ಎಲ್ಲೂ ಇರಲಿಲ್ಲ. ಹೆಬ್ಬೆರಳಿನ ಉಗುರು ದಪ್ಪ ಬೆಳೆದಿತ್ತು; ನೋವಾಗದ ಹಾಗೆ ಅದನ್ನು ಹೇಗೆ ಕತ್ತರಿಸುತ್ತಾಳೋ ಅನ್ನುವ ಆತಂಕ ಒಂದೇ ಇದ್ದದ್ದು.

ಇನ್ನು ಮೆಸೇಜಿಗೆ ಉತ್ತರ ಕೊಡದ ಹುಡುಗಿ. ನೀನು ದಿನಾ ಗುಡ್ ಮಾರ್ನಿಂಗ್ ಕಳಿಸುತ್ತೀಯಂತೆ, ಹಬ್ಬಕ್ಕೆ ದೇವರ ಫೋಟೋ, ಮಧ್ಯಾಹ್ನ ‘ಊಟ ಆಯ್ತಾ ಪುಟ್ಟ’. ಉತ್ತರ ಬರಲಿಲ್ಲ ಅಂತ ಮತ್ತೆ ಮೂರು. ನಿಲ್ಲಿಸು.

ನಿನಗೆ ಹುಳು ಮೇಯಿಸಿ ಗೊತ್ತಿಲ್ಲ, ಹೇಳುತ್ತೇನೆ ಕೇಳು. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತೆ. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಅನ್ನುವುದು. ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತುಬಿಡುತ್ತೆ, ತಿನ್ನುವುದಿಲ್ಲ, ಅಲುಗುವುದಿಲ್ಲ. ಹೊಸಬರು ಗಾಬರಿಯಾಗಿ ಇನ್ನಷ್ಟು ಸೊಪ್ಪು ಸುರಿಯುತ್ತಾರೆ. ನಾನೂ ಸುರಿದಿದ್ದೆ. ದೊಡ್ಡವನು ಬಂದು ನೋಡಿ, ನನಗೆ ಒಂದು ಮಾತೂ ಅನ್ನದೆ, ಸೊಪ್ಪನ್ನೆಲ್ಲ ಒಂದೊಂದಾಗಿ ಎತ್ತಿ ತೆಗೆದು ಸುಣ್ಣದ ಪುಡಿ ಉದುರಿಸಿ ಹೋದ. ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು, ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು. ಎದ್ದ ಮೇಲೆ ತಾನಾಗಿ ತಿನ್ನುತ್ತೆ. ನಾಲ್ಕನೇ ಜ್ವರ ಎದ್ದ ಮೇಲಂತೂ ಕೇಳಬೇಡ, ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತೆ. ರಾತ್ರಿ ಹುಳುಮನೆಯಲ್ಲಿ ನಿಂತರೆ ಮಳೆ ಬಂದ ಹಾಗೆ ಸದ್ದು.

ಅಮ್ಮ ಸತ್ತು ನಾಲ್ಕು ವರ್ಷಕ್ಕೆ ಅಪ್ಪ ಮತ್ತೆ ಮದುವೆಯಾದ ಹುಡುಗಿ ಅದು. ಜ್ವರಕ್ಕೆ ಕೂತಿದೆ. ಚಾಕಿ, ಅಂದರೆ ಮರಿಹುಳು, ಕಟ್ಟಿದವಳು ನೀನಲ್ಲ. ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ, ಶಾಖ ನೋಡಿ, ಇರುವೆ ಕಾದು ಬೆಳೆಸಿದವಳ ಫೋಟೋ ಹಾಲಿನ ಗೋಡೆಯ ಮೇಲಿದೆ. ನಿನಗೆ ಸಿಕ್ಕಿರುವುದು ಬೆಳೆದ ಹುಳು. ಹೊತ್ತಿಗೆ ಸರಿಯಾಗಿ ಸೊಪ್ಪು ಸಿಗುವ ಹಾಗೆ ನೋಡಿಕೋ, ಕೈ ಹಾಕಬೇಡ. ಧ್ರುವನ ಹರಿಕಥೆಯಲ್ಲಿ ಸುರುಚಿ ತೊಡೆಯಿಂದ ತಳ್ಳಿದಳು ಅಂತ ನಾವೆಲ್ಲ ಚಿಕ್ಕಂದಿನಿಂದ ಬೈದುಕೊಂಡು ಬಂದಿದ್ದೇವಲ್ಲ, ಆ ಧ್ರುವನಿಗೆ ಐದು ವರ್ಷ. ನಿನ್ನ ಧ್ರುವನಿಗೆ ಬೆಂಗಳೂರಿನಲ್ಲಿ ಕೆಲಸ ಇದೆ, ಬುಲೆಟ್ ಗಾಡಿ ಇದೆ. ಅವನಿಗೆ ಯಾರ ತೊಡೆಯೂ ಬೇಕಾಗಿಲ್ಲ. ಹಾಗಿರುವಾಗ ನೀನು ತೊಡೆ ಒರೆಸಿಕೊಂಡು ಕೂತು, ಯಾಕೆ ಬರಲಿಲ್ಲ ಅಂತ ಅತ್ತರೆ ಹೇಗೆ?

ಸ್ವಲ್ಪ ಕಟುವಾಯಿತೇನೋ. ಹೊಡೆದುಹಾಕುವುದಿಲ್ಲ, ಇರಲಿ.

ಚಿಕ್ಕವಳ ಕಥೆಗೆ ಬರುತ್ತೇನೆ. ಲಗ್ನಪತ್ರಿಕೆಯ ಮಾತಿಗೆ ಉತ್ತರ ಇರುವುದು ಅಲ್ಲಿ.

ನಾನು ಬಂದ ಹೊಸದರಲ್ಲಿ ಅಡುಗೆಮನೆಯ ಹುಣಸೆಹಣ್ಣಿನ ಭರಣಿಯನ್ನು ಒಲೆ ಪಕ್ಕದಿಂದ ತೆಗೆದು ಮೇಲಿನ ಗೂಡಿಗೆ ಇಟ್ಟೆ. ಬೆಳಿಗ್ಗೆ ಎದ್ದರೆ ಭರಣಿ ಒಲೆ ಪಕ್ಕ. ಮತ್ತೆ ಮೇಲಿಟ್ಟೆ. ಬೆಳಿಗ್ಗೆ ಮತ್ತೆ ಒಲೆ ಪಕ್ಕ. ಹನ್ನೊಂದು ದಿನ ನಡೆಯಿತು, ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಕಂದು ಬಣ್ಣದ ಪಿಂಗಾಣಿ ಭರಣಿ, ಬಾಯಿ ಸ್ವಲ್ಪ ಒಡೆದಿತ್ತು, ಉಪ್ಪು ಹಿಡಿದು ಹೊರಗೆಲ್ಲ ಬಿಳಿ ಪೊರೆ. ಹನ್ನೆರಡನೇ ದಿನ ನಾನೇ ಕೈಬಿಟ್ಟೆ. ಸೋತೆ ಅಂದುಕೊಂಡಿದ್ದೆ. ಆ ಭರಣಿ ಇವತ್ತೂ ಒಲೆ ಪಕ್ಕವೇ ಇದೆ. ಒಲೆ ಹೋಗಿ ಗ್ಯಾಸ್ ಬಂತು, ಭರಣಿ ಕದಲಿಲ್ಲ. ಹೋದ ವರ್ಷ ಕೆಲಸದವಳು ಅದನ್ನು ಎತ್ತಿ ಬೇರೆ ಕಡೆ ಇಟ್ಟಳು ಅಂತ ನಾನು ಅವಳ ಮೇಲೆ ಕೂಗಾಡಿದೆನಂತೆ. ಸೊಸೆ ಹೇಳಿ ನಕ್ಕಳು.

ಚಿಕ್ಕವಳ ಮದುವೆ 1992ರಲ್ಲಿ, ಚಿಂತಾಮಣಿಯ ಒಂದು ಛತ್ರದಲ್ಲಿ. ನಾನು ಬಂದು ಆರು ವರ್ಷ. ಭರಣಿ ಜಗಳ ಮುಗಿದು ಪಿನ್ನಿ ಅನ್ನುವಷ್ಟಾಗಿತ್ತು. ಧಾರೆಗೆ ನಾನೂ ನಿಮ್ಮ ಮಾವನವರೂ ಕೂರಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ಅದಕ್ಕೇ ಅಂತ ಮೊಳಕಾಲ್ಮೂರು ಸೀರೆ ತೆಗೆದಿಟ್ಟುಕೊಂಡಿದ್ದೆ. ಹಿಂದಿನ ರಾತ್ರಿ ನಿಮ್ಮ ಮಾವನವರು ಬಂದು ಮೆಲ್ಲಗೆ ಅಂದರು: ‘ಸೋದರಮಾವ, ಅವರ ಹೆಂಡತಿ ಧಾರೆ ಎರೀಲಿ ಅಂತ ಹುಡುಗಿಗೆ ಆಸೆ. ನೀನು ಬೇಜಾರು ಮಾಡ್ಕೋಬೇಡ.’ ಬೇಜಾರು ಮಾಡಿಕೊಂಡೆ. ಧಾರೆಯ ಹೊತ್ತಿಗೆ ಉಗ್ರಾಣಕ್ಕೆ ಹೋಗಿ ಬಾಗಿಲು ಮುಂದೆ ಮಾಡಿ, ಬಾಳೆಎಲೆ ಎಣಿಸುತ್ತಾ ಕೂತೆ. ಓಲಗ ಜೋರಾದದ್ದು ಕೇಳಿಸಿತು, ಅಕ್ಷತೆ ಬಿದ್ದಿತು ಅಂತ ಗೊತ್ತಾಯಿತು, ಎದ್ದು ಹೋಗಲಿಲ್ಲ. ಹೆಣ್ಣೊಪ್ಪಿಸುವಾಗ ಅವಳು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಆಮೇಲೆ ಎಷ್ಟೋ ವರ್ಷ ಹಬ್ಬಕ್ಕೆ ಬರುವಳು, ಉಂಡು ಹೋಗುವಳು. ಬಾಣಂತನಕ್ಕೆ ನಮ್ಮ ಮನೆಗೆ ಬರಲಿಲ್ಲ, ಸೋದರಮಾವನ ಮನೆಗೆ ಹೋದಳು. ಅದನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡೆ.

2014. ನಿಮ್ಮ ಮಾವನವರು ಹೋಗಿ ಮೂರು ವರ್ಷ. ಸಂಕ್ರಾಂತಿಗೆ ಮುಂಚೆ ಬಂದಿದ್ದಳು. ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಇಬ್ಬರೂ ಪಡಸಾಲೆಯಲ್ಲಿ ಹಿತಕುತ್ತಾ ಕೂತಿದ್ದೆವು. ಹಿತಕುವ ಕೆಲಸ ನಿನಗೆ ಗೊತ್ತಲ್ಲ, ತಲೆ ಎತ್ತುವ ಹಾಗಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು, ಇಲ್ಲದಿದ್ದರೆ ಸೆರಗಿಗೆ. ತಲೆ ಬಗ್ಗಿಸಿಕೊಂಡೇ ಅವಳು ಕೇಳಿದಳು: ‘ನನ್ನ ಧಾರೆಗೆ ಕೂರಲ್ಲ ಅಂತ ಯಾಕೆ ಅಂದೆ ಪಿನ್ನಿ?’

ನನಗೆ ಕೈ ನಿಂತುಹೋಯಿತು. ನಾನು ಅಂದೆನಾ? ಅವಳಿಗೆ ಅವರಪ್ಪ ಹೇಳಿದ್ದು: ‘ಪಿನ್ನಿಗೆ ಸಂಕೋಚ, ಕೂರಲ್ಲ ಅಂತಾಳೆ, ಬಲವಂತ ಮಾಡಬೇಡ.’ ಆಮೇಲೆ ತಿಳಿಯಿತು, ಹಟ ಹಿಡಿದವರು ತಾಯಿ ಕಡೆಯವರು. ಅವರನ್ನು ಎದುರು ಹಾಕಿಕೊಳ್ಳಲಾರದೆ, ನಮ್ಮಿಬ್ಬರಿಗೂ ನೋವಾಗದಿರಲಿ ಅಂತ ಪುಣ್ಯಾತ್ಮ ನಮ್ಮಿಬ್ಬರಿಗೂ ಒಂದೊಂದು ಸುಳ್ಳು ಹೇಳಿದ್ದರು. ಇಪ್ಪತ್ತೆರಡು ವರ್ಷ ನಾನು ಅವಳು ಬೇಡ ಅಂದಳು ಅಂದುಕೊಂಡಿದ್ದೆ, ಅವಳು ನಾನು ಬೇಡ ಅಂದೆ ಅಂದುಕೊಂಡಿದ್ದಳು. ಬೈಯೋಣ ಅಂದರೆ ಫೋಟೋದಲ್ಲಿದ್ದಾರೆ. ಇಬ್ಬರೂ ಫೋಟೋ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಕ್ಕೆವು. ಆಮೇಲೆ ಅವಳು ಅತ್ತಳು. ನಾನು ಬೇಳೆ ಹಿತಕಿದೆ. ಯಾರಾದರೂ ಹಿತಕಬೇಕಲ್ಲ, ಹನ್ನೊಂದು ಗಂಟೆಯಾಗಿತ್ತು, ಸಾರು ಆಗಿರಲಿಲ್ಲ.

ಅದಕ್ಕೇ ಹೇಳುತ್ತೇನೆ: ಆ ಮಕ್ಕಳ ಜೊತೆ ನಿನ್ನ ಮಾತೆಲ್ಲ ನಿನ್ನ ಗಂಡನ ಮೂಲಕ ಹೋಗುತ್ತಿದೆ, ಅದನ್ನು ಬದಲಿಸು. ಅವರು ಒಳ್ಳೆಯವರು, ನನಗೆ ಗೊತ್ತು; ಇವರೂ ಒಳ್ಳೆಯವರೇ ಇದ್ದರು. ನಡುವೆ ಸಿಕ್ಕಿಕೊಂಡ ಗಂಡಸು ಎರಡು ಕಡೆಗೂ ಸಿಹಿ ಮಾಡಿ ಹೇಳುತ್ತಾನೆ. ಜಗಳವಾಗುವುದು ಆ ಸಿಹಿಯಿಂದಲೇ. ಹುಡುಗನ ನಂಬರು ನಿನ್ನ ಹತ್ತಿರ ಇದೆಯಲ್ಲ, ಫೋನ್ ಮಾಡು. ‘ಊಟ ಆಯ್ತಾ, ಹುಷಾರಾ’ ಬೇಡ. ಶನಿವಾರ ಯಾವ ಟ್ರೈನಿಗೆ ಬರ್ತೀಯಾ, ಗ್ಯಾಸ್ ಬುಕ್ ಮಾಡೋದು ಫೋನಲ್ಲಿ ಆಗ್ತಿಲ್ಲ ನೋಡ್ತೀಯಾ, ಸಂಪಿಗೆ ನೀರು ಬಿಡೋನ ನಂಬರು ಇದೆಯಾ, ಇಂಥದ್ದು. ಕೆಲಸದ ಮಾತಿಗೆ ಉತ್ತರ ಕೊಡುವುದು ಸುಲಭ. ನಮ್ಮ ದೊಡ್ಡವನೂ ನಾನೂ ಹತ್ತು ವರ್ಷ ಆಡಿದ ಮಾತೆಲ್ಲ ಸೊಪ್ಪು, ಹುಳು ಗೂಡು ಕಟ್ಟುವ ಚಂದ್ರಿಕೆ, ಊಜಿ ನೊಣದ ಪರದೆ, ಇವತ್ತಿನ ಗೂಡಿನ ರೇಟು, ಇಷ್ಟೇ. ಒಂದು ದಿನವೂ ನಾವು ಮನಸ್ಸು ಬಿಚ್ಚಿ ಮಾತಾಡಿಲ್ಲ. ಆದರೂ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಕೂಡಲೇ ರೇಟು ಹೇಳಲು ಅವನು ಮೊದಲು ಫೋನ್ ಮಾಡುವುದು ನನಗೆ, ಹೆಂಡತಿಗೆ ಆಮೇಲೆ.

ಇನ್ನೊಂದು. ತಿಂಗಳಿಗೊಂದು ಸಲ ನೀನು ನಿಮ್ಮಪ್ಪನ ಮನೆಗೋ ನನ್ನ ಹತ್ತಿರವೋ ಬಂದುಬಿಡು. ಆ ಭಾನುವಾರ ಅಪ್ಪ ಮಕ್ಕಳು ಮೂರೇ ಜನ ಇರಲಿ. ಹೋಟೆಲಿನಿಂದ ತರಿಸಿ ತಿನ್ನಲಿ, ಅವರಮ್ಮನ ಮಾತು ಆಡಲಿ. ನೀನು ಎದುರಿಗಿದ್ದರೆ ಅವರು ಆಡಲಾರರು. ಅವರು ಆಡಿಕೊಂಡರೆ ನಿನ್ನ ಗಂಟೇನೂ ಹೋಗುವುದಿಲ್ಲ. ಫೋಟೋದ ಹಾರ ನೀನು ಬದಲಿಸಬೇಡ, ಹುಡುಗಿ ಬಂದಾಗ ಹೂವು ತಂದು ಎದುರಿಗಿಡು, ಸಾಕು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಆಕೆಗೆ ಏನಿಷ್ಟ ಇತ್ತು ಅಂತ ಮಕ್ಕಳನ್ನು ಕೇಳಿ ಮಾಡು. ಗಂಡನನ್ನು ಕೇಳಬೇಡ, ಗಂಡಸರಿಗೆ ಇಂಥದ್ದು ನೆನಪಿರುವುದಿಲ್ಲ.

ಈಗ ಲಗ್ನಪತ್ರಿಕೆ. ‘ದಿವಂಗತ ಶ್ರೀಮತಿ’ ಅಂತ ಅವರಮ್ಮನ ಹೆಸರು ಮೇಲೆ ಬರಲಿ. ಹೆತ್ತವಳ ಹೆಸರಿಲ್ಲದೆ ಮಗನ ಮದುವೆ ಪತ್ರಿಕೆ ಅಚ್ಚಾಗುವುದು ನಿನಗೇ ಸರಿ ಕಾಣುತ್ತಾ? ನಿನ್ನ ಹೆಸರು ಆಹ್ವಾನಿಸುವವರ ಸಾಲಿನಲ್ಲಿ ಎಲ್ಲಿ ಬರಬೇಕು ಅನ್ನುವುದನ್ನು ನೀನೇ ಹುಡುಗನ ಹತ್ತಿರ, ನೇರವಾಗಿ, ಅಳದೆ, ಒಂದು ಸಲ ಕೇಳು: ‘ಪತ್ರಿಕೆಯಲ್ಲಿ ನನ್ನ ಹೆಸರು ಹಾಕೋದು ನಿನಗೆ ಹೇಗನ್ನಿಸುತ್ತೆ?’ ಹಾಕೋಣ ಅಂದರೆ ಸಂತೋಷ. ತಡವರಿಸಿದರೆ ‘ಆಯ್ತು ಬಿಡಪ್ಪ’ ಅಂದು ಅಲ್ಲಿಗೇ ಬಿಡು, ಗಂಡನ ಹತ್ತಿರ ದೂರು ಒಯ್ಯಬೇಡ. ಆದರೆ ಮದುವೆ ದಿನ ಉಗ್ರಾಣಕ್ಕೆ ಹೋಗಬೇಡ. ಮುಂದಿನ ಸಾಲಿನಲ್ಲಿ ಕೂತು ಕಣ್ತುಂಬ ನೋಡು. ನಾನು ಕಳೆದುಕೊಂಡದ್ದು ಧಾರೆಗೆ ಕೂರುವ ಮಣೆಯನ್ನಲ್ಲ ಕಣೇ, ಅವಳ ಮದುವೆ ನೋಡುವುದನ್ನೇ ಕಳೆದುಕೊಂಡೆ. ಫೋಟೋ ಆಲ್ಬಂನಲ್ಲಿ ನಾನು ಒಂದರಲ್ಲೂ ಇಲ್ಲ.

ಕಾಗದಪತ್ರದ ವಿಚಾರ ಸ್ವಲ್ಪ ಹೇಳಬೇಕು. ನೀನು ನಾಚಿಕೆಗೆ ಕೇಳುವುದಿಲ್ಲ, ಆ ಮಕ್ಕಳು ನಾಚಿಕೆಗೆ ಹೇಳುವುದಿಲ್ಲ, ಆದರೆ ಅವರ ಮನಸ್ಸಿನ ಮೂಲೆಯಲ್ಲಿ ‘ಆಂಟಿ ಬಂದಿದ್ದು ಮನೆಗೋಸ್ಕರವಾ’ ಅನ್ನುವ ಅನುಮಾನ ಇದ್ದೇ ಇರುತ್ತೆ. ಇದ್ದರೆ ತಪ್ಪೂ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡ ಉಯಿಲು ಬರೆಯದೆ ಹೋದರೆ ಅವನ ಸ್ವಯಾರ್ಜಿತದಲ್ಲಿ ಹೆಂಡತಿಗೂ ಮಕ್ಕಳಿಗೂ ಒಂದೊಂದು ಸಮಪಾಲು, ಅವನ ತಾಯಿ ಬದುಕಿದ್ದರೆ ಆಕೆಗೂ ಒಂದು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಮದುವೆಯಾದವಳು ನೀನು, ಪೂರ್ತಿ ಹಕ್ಕಿನ ಹೆಂಡತಿ. ಆದರೆ ನಿನ್ನ ಆಸ್ತಿಯ ಲೆಕ್ಕಕ್ಕೆ ಆ ಮಕ್ಕಳು ಕಾನೂನಿನ ಕಣ್ಣಿಗೆ ನಿನ್ನ ಮಕ್ಕಳಲ್ಲ, ಗಂಡನ ವಾರಸುದಾರರು. ನಿನಗೆ ಸ್ವಂತ ಮಕ್ಕಳಿಲ್ಲ, ಉಯಿಲೂ ಇಲ್ಲ ಅಂದುಕೋ, ಗಂಡನಿಂದ ನಿನಗೆ ಬಂದ ಪಾಲು ತಿರುಗಿ ಅವರಿಗೇ ಹೋಗುತ್ತೆ. ನಿಮ್ಮಪ್ಪನಿಂದ ಬಂದದ್ದು ನಿಮ್ಮಪ್ಪನ ಕಡೆಯವರಿಗೆ ಹೋಗುತ್ತೆ. ಇದನ್ನು ನಿನ್ನ ಗಂಡ ಮಕ್ಕಳನ್ನು ಕೂರಿಸಿಕೊಂಡು ಬಾಯಿಬಿಟ್ಟು ಹೇಳಲಿ. ಉಯಿಲು ಬರೆದರೆ ಎಲ್ಲರಿಗೂ ತಿಳಿದಿರುವ ಹಾಗೆ ಬರೆಯಲಿ. ರಿಜಿಸ್ಟರ್ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮದುವೆ ಗದ್ದಲ ಮುಗಿದ ಮೇಲೆ ಸಾಕು, ಈಗ ಬೇಡ.

2007ರಲ್ಲಿ ತಂದೆತಾಯಿಯರ, ಹಿರಿಯ ನಾಗರಿಕರ ಪೋಷಣೆಗೆ ಅಂತ ಒಂದು ಕಾಯ್ದೆ ಬಂತು. ಅದರಲ್ಲಿ ತಂದೆತಾಯಿ ಅಂದರೆ ಹೆತ್ತವರು, ದತ್ತು ಪಡೆದವರು, ಮಲತಂದೆ, ಮಲತಾಯಿ ಎಲ್ಲರೂ ಸೇರಿದರು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಯಾರಿಗೂ ಆ ಬಾಗಿಲು ಬಡಿಯುವ ಗತಿ ಬರಬಾರದು, ಆದರೆ ಬಾಗಿಲು ಇದೆ ಅಂತ ತಿಳಿದಿರಲಿ. ಪೇಪರಿನವರು ಬೈಗುಳಕ್ಕೆ ಇಟ್ಟುಕೊಂಡ ಪದವನ್ನು ಕಾನೂನು ಅಲ್ಲಿ ಹೆತ್ತವರ ಸಾಲಿನಲ್ಲೇ ಕೂರಿಸಿದೆ ಅಂತ ಓದಿದ ದಿನ ನನಗೆ ಒಂಥರಾ ಆಯಿತು.

ನಿಮ್ಮ ಮಾವನವರು 2011ರಲ್ಲಿ ಹೋದ ಮೇಲೆ ಪೌತಿ ಖಾತೆಗೆ, ಅಂದರೆ ಅವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಅಲೆದೆವು. ನನಗೆ ಒಳಗೊಳಗೇ ಒಂದು ಭಯ. ನನ್ನನ್ನೂ ಈ ಮಕ್ಕಳನ್ನೂ ಕಟ್ಟಿದ್ದ ಹಗ್ಗ ಅವರೊಬ್ಬರೇ. ಹಗ್ಗ ಹೋಯಿತು, ಇನ್ನು ನಾನು ಇವರಿಗೆ ಯಾರು? ಇಂಥ ಮನೆಗಳಲ್ಲಿ ಗಂಡ ಹೋದ ಮೇಲೆ ಒಂದು ವರ್ಷದೊಳಗೆ ಹೆಂಗಸು ತವರು ಸೇರಿದ್ದನ್ನು ನಾನೇ ಎರಡು ಮೂರು ಕಡೆ ಕಂಡಿದ್ದೆ. ಕಚೇರಿಯಲ್ಲಿ ಗುಮಾಸ್ತ ವಂಶವೃಕ್ಷದ ಅರ್ಜಿ ನೋಡಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ದೊಡ್ಡವನನ್ನು ಕೇಳಿದ: ‘ಇವರು ನಿಮಗೆ ಏನಾಗಬೇಕು?’ ನಾನು ಉಸಿರು ಬಿಗಿಹಿಡಿದೆ. ಅಪ್ಪನ ಎರಡನೇ ಹೆಂಡತಿ ಅಂತಾನೋ, ಪಿನ್ನಿ ಅಂತಾನೋ. ಅವನು ಪೆನ್ನಿನ ಮುಚ್ಚಳ ಹಾಕುತ್ತಾ ‘ನಮ್ಮನೆ ದೊಡ್ಡೋರು ಸಾರ್’ ಅಂದ. ಅಷ್ಟೇ. ಆಮೇಲೆ ಹೊರಗೆ ಬಂದು ಕಬ್ಬಿನ ಹಾಲು ಕೊಡಿಸಿದ, ಐಸ್ ಹಾಕಬೇಡ ಅಂತ ಅಂಗಡಿಯವನಿಗೆ ಅವನೇ ಹೇಳಿದ. ನನಗೆ ಐಸ್ ಆಗುವುದಿಲ್ಲ ಅಂತ ಅವನಿಗೆ ಗೊತ್ತಿದೆ ಅನ್ನುವುದು ನನಗೇ ಗೊತ್ತಿರಲಿಲ್ಲ.

ಯಾರಾದರೂ ‘ಸ್ವಂತ ಮಕ್ಕಳ ಹಾಗೇ ನೋಡಿಕೊಂಡೆ’ ಅಂದರೆ ನನಗೆ ಅನುಮಾನ. ನಾನು ಹಾಗೆ ಹೇಳಲಾರೆ, ನನಗೆ ಸ್ವಂತ ಮಕ್ಕಳಿಲ್ಲ, ಹೇಗಿರುತ್ತೋ ಗೊತ್ತಿಲ್ಲ. ನನಗೆ ದೊಡ್ಡವನು ಮಗ. ಅವನಿಗೆ ನಾನು ತಾಯಿ ಅಲ್ಲ. ಅವನ ತಾಯಿ ಬೇರೆ ಇದ್ದಳು, ಅವಳನ್ನು ಇಪ್ಪತ್ತು ವರ್ಷ ನೋಡಿದ್ದಾನೆ. ಈ ಎರಡೂ ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದವು, ಒಂದನ್ನೊಂದು ಕಚ್ಚಲಿಲ್ಲ. ಅವನ ಹೆಂಡತಿಯನ್ನು ಸೊಸೆ ಅನ್ನುವುದಕ್ಕೆ ನನಗೆ ಯಾವತ್ತೂ ನಾಲಿಗೆ ತಡೆದಿಲ್ಲ, ಅದು ಹೇಗೋ ಸಲೀಸಾಗಿ ಬಂತು. ಅವಳು ನನ್ನನ್ನು ಅತ್ತೆ ಅಂತಲೇ ಕರೆಯುತ್ತಾಳೆ. ಬರುವ ಸೊಸೆಗೆ ನಿನ್ನ ಹಳೆಯ ಲೆಕ್ಕ ಯಾವುದೂ ಗೊತ್ತಿರುವುದಿಲ್ಲ, ಇದನ್ನು ಸುಮ್ಮನೆ ಬರೆದಿಟ್ಟೆ.

ಸಂತೆಗೆ ಸೊಗಡವರೆ ಬರುತ್ತಿದೆ. ಶನಿವಾರ ಬಂದರೆ ಮೂರು ಕೆ.ಜಿ. ತೆಗೆದಿಡಿಸುತ್ತೇನೆ, ಭಾನುವಾರ ಬೆಳಿಗ್ಗೆ ಹಿತಕಬಹುದು. ಆ ಹುಡುಗಿಯನ್ನು ಬಾ ಅಂತ ಒಂದು ಸಲ ಕರೆ, ಎರಡು ಸಲ ಬೇಡ. ಬರದಿದ್ದರೆ ಹಿತಕಿದಬೇಳೆ ಸಾರು ಸ್ಟೀಲ್ ಡಬ್ಬಿಗೆ ಹಾಕಿ ಕೊಡುತ್ತೇನೆ, ಹುಡುಗ ಸೋಮವಾರದ ಟ್ರೈನಿನಲ್ಲಿ ಯಲಹಂಕದಲ್ಲಿ ಇಳಿದು ಅವಳ ಪಿಜಿಗೆ ಕೊಟ್ಟು ಹೋಗಲಿ. ಮುಚ್ಚಳ ಗಟ್ಟಿ ಇರುವ ಡಬ್ಬಿಯೇ ಕಳಿಸುತ್ತೇನೆ. ವಾಪಸು ಕೇಳಬೇಡ.

ಇತಿ,
ನಿನ್ನ ಸೋದರತ್ತೆ